ಹೊಸ ಬ್ರೇಕ್ ಪ್ಯಾಡ್ ಕೀರಲು ಸದ್ದು: ಆಗುಂಬೆ ಇಳಿಯೋ ಮುಂಚೆ ಏನು ಮಾಡಬೇಕು?

ಮಂಡಗದ್ದೆ_ಹಕ್ಕಿ:
ನಮಸ್ಕಾರ. ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮುಂದೆ ಡಿಸ್ಕ್, ಹಿಂದೆ ಡ್ರಮ್. ಮುಂದಿನ ಎರಡೂ ಚಕ್ರಕ್ಕೆ ಹೊಸ ಪ್ಯಾಡ್ ಹಾಕಿಸಿ 150 ಕಿ.ಮೀ. ಆಗಿದೆ, ಡಿಸ್ಕ್ ಹಳೆಯದೇ. ಜೋರಾಗಿ ಒತ್ತಿದರೆ ಸದ್ದಿಲ್ಲ. 20ರ ಒಳಗಿನ ವೇಗದಲ್ಲಿ ಮೆಲ್ಲಗೆ ಕಾಲಿಟ್ಟರೆ ಎಡಗಡೆ ಚಕ್ರದಿಂದ ‘ಕೀಂ’ ಅಂತ ಬರುತ್ತೆ, ಬೆಳಿಗ್ಗೆ ಹೊತ್ತು ಇನ್ನೂ ಜಾಸ್ತಿ. ಗ್ಯಾರೇಜಿನಲ್ಲಿ ‘ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ’ ಅಂದರು. ಬರೋ ವಾರ ಶಿವಮೊಗ್ಗದಿಂದ ಆಗುಂಬೆ ಮೇಲೆ ಉಡುಪಿಗೆ ಹೋಗೋದಿದೆ. ಘಾಟಿ ಇಳಿಯುವಾಗ ಪ್ಯಾಡ್ ತಾನಾಗೇ ಪಳಗುತ್ತಾ, ಇಲ್ಲ ಮೊದಲೇ ಏನಾದರೂ ಮಾಡಬೇಕಾ?

ಕೊಪ್ಪ_ಕಣಿವೆ:
ಘಾಟಿಯಲ್ಲಿ ಪಳಗಿಸೋಕೆ ಖಂಡಿತ ಹೋಗಬೇಡಿ. ಪಳಗೋದು ಅಂದರೆ ಪ್ಯಾಡಿನ ವಸ್ತು ತೆಳ್ಳಗೆ, ಸಮನಾಗಿ ಡಿಸ್ಕ್ ಮೇಲೆ ಕೂರೋದು. ಅದಕ್ಕೆ ಬಿಸಿ ಬೇಕು, ಪ್ರತಿ ಸಲ ಬಿಸಿಯಾದ ಮೇಲೆ ಗಾಳಿಯೂ ಬೇಕು. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಕಾಲು ಪೆಡಲ್ ಮೇಲೇ ಇರುತ್ತೆ, ಆರೋಕೆ ಪುರುಸೊತ್ತೇ ಸಿಗಲ್ಲ. ಹೊಸ ಪ್ಯಾಡಿನೊಳಗಿನ ಅಂಟು ಬೆಂದು ಮೇಲ್ಮೈ ಗಾಜಿನ ಹಾಗೆ ಹೊಳೆಯೋಕೆ ಶುರುವಾಗುತ್ತೆ. ಆಮೇಲೆ ಹಿಡಿತ ಕಮ್ಮಿ, ಸದ್ದು ಜಾಸ್ತಿ. ತಿರುವಲ್ಲಿ ಎದುರಿಂದ ಬಸ್ಸು ಬಂತು ಅಂತ ಕಾದ ಬ್ರೇಕ್ ಒತ್ತಿ ಹಿಡಿದು ನಿಂತರೆ, ಪ್ಯಾಡಿನ ಅಚ್ಚು ಡಿಸ್ಕಿನ ಆ ಒಂದೇ ಜಾಗದಲ್ಲಿ ಉಳಿದು ಪೆಡಲ್ ಅದುರುತ್ತೆ.

ಮಳೆ ಇಲ್ಲದ ದಿನ, ಬೆಳಿಗ್ಗೆ ಬೇಗ, ಶಿಕಾರಿಪುರದ ಕಡೆಯ ಯಾವುದಾದರೂ ನೇರ ಜಾಗ ನೋಡಿಕೊಳ್ಳಿ. ಹಿಂದೆ ಗಾಡಿ ಇರಬಾರದು, ದನಗಳೂ ಇರಬಾರದು. ಮೊದಲು 50ರಿಂದ ನಾಲ್ಕೈದು ಸಲ ಹಗುರವಾಗಿ ಒತ್ತಿ ಡಿಸ್ಕ್ ಬೆಚ್ಚಗೆ ಮಾಡಿ. ಆಮೇಲೆ 60ರಿಂದ 15ಕ್ಕೆ, ಗಟ್ಟಿಯಾಗಿ ಆದರೆ ಚಕ್ರ ಜಾರದ ಹಾಗೆ, 8ರಿಂದ 10 ಸಲ. ಪೂರ್ತಿ ನಿಲ್ಲಿಸಬೇಡಿ. ಎರಡು ಸಲದ ನಡುವೆ ಅರ್ಧ ನಿಮಿಷವಾದರೂ ಬ್ರೇಕ್ ಮುಟ್ಟದೆ ಓಡಿಸಿ. ಕೊನೆ ಕೊನೆಗೆ ಸ್ವಲ್ಪ ಸುಟ್ಟ ವಾಸನೆ ಬರುತ್ತೆ, ಅದು ಸಹಜ. ಹೊಗೆ ಬಂದರೆ ಅಥವಾ ಪೆಡಲ್ ಮೆತ್ತಗಾದರೆ ಅಲ್ಲಿಗೇ ಬಿಡಿ. ಮುಗಿದ ಮೇಲೆ ಹತ್ತು ನಿಮಿಷ ಬ್ರೇಕ್ ಆದಷ್ಟೂ ಮುಟ್ಟದೆ ಓಡಿಸಿ ಆರಿಸಬೇಕು. ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಬೇಡ, ಸಮತಟ್ಟು ಜಾಗದಲ್ಲಿ ಗೇರಲ್ಲಿಡಿ. ಬಿಸಿ ಡಿಸ್ಕ್‌ಗೆ ನೀರು ಹಾಕಲೇಬೇಡಿ.

ಘಾಟಿ ಇಳಿಯುವಾಗ ಎರಡನೇ ಗೇರೇ ಬ್ರೇಕು. ಪೆಡಲನ್ನು ಒತ್ತಿ, ಬಿಡಿ. ಹಗುರವಾಗಿ ಒತ್ತಿಕೊಂಡೇ ಇಳಿಯಬೇಡಿ.

ಸ್ಪ್ಯಾನರ್_12:
ಪಳಗಿಸೋದು ಸರಿ, ಆದರೆ ನಿಮ್ಮ ಸದ್ದು ಬರೀ ಅದರಿಂದಲ್ಲ ಅನಿಸುತ್ತೆ. ಬೆಳಿಗ್ಗೆ ಮೊದಲ ಮೂರ್ನಾಲ್ಕು ಸಲ ಮಾತ್ರ ಬರೋದು ರಾತ್ರಿ ತೇವಕ್ಕೆ ಡಿಸ್ಕ್ ಮೇಲೆ ಬಂದ ತೆಳು ತುಕ್ಕು. ಮಲೆನಾಡಿನ ಮಳೆಗಾಲದಲ್ಲಿ ಇದು ಎಲ್ಲ ಗಾಡಿಗೂ ಇದ್ದದ್ದೇ, ತಲೆ ಕೆಡಿಸಿಕೊಳ್ಳಬೇಡಿ. ಮೆಲ್ಲಗೆ ಒತ್ತಿದಾಗ ಬಂದು ಜೋರಾಗಿ ಒತ್ತಿದರೆ ನಿಲ್ಲೋದು ಪ್ಯಾಡ್ ಕಂಪಿಸೋ ಸದ್ದು. ಅದೂ ಒಂದೇ ಚಕ್ರದಲ್ಲಿ ಅಂದರೆ, ಕೂರಿಸುವಾಗ ಏನೋ ಬಿಟ್ಟುಹೋಗಿದೆ.

ಆ ಚಕ್ರ ಬಿಚ್ಚಿಸಿ ನಾಲ್ಕು ಜಾಗ ನೋಡಿ. ಪ್ಯಾಡಿನ ಬೆನ್ನಿಗಿರೋ ತಗಡಿನ ಶಿಮ್ ಇದೆಯಾ. ಪ್ಯಾಡಿನ ಕಿವಿ ಕೂರೋ ಸ್ಟೀಲ್ ಕ್ಲಿಪ್ ಹೊಸದಾ, ಅದರಡಿ ಬ್ರಾಕೆಟ್‌ನಲ್ಲಿ ತುಕ್ಕು ಉಬ್ಬಿದೆಯಾ (ವೈರ್ ಬ್ರಷ್ ಹಾಕಿ ಲೋಹ ಕಾಣೋವರೆಗೂ ಉಜ್ಜಬೇಕು, ಪ್ಯಾಡ್ ಕೈಯಲ್ಲಿ ತಳ್ಳಿದರೆ ಸರಾಗವಾಗಿ ಜಾರಬೇಕು). ಕ್ಯಾಲಿಪರ್‌ನ (ಪ್ಯಾಡನ್ನು ಡಿಸ್ಕ್‌ಗೆ ಒತ್ತೋ ಭಾಗ) ಎರಡೂ ಪಿನ್ ಕೈಯಲ್ಲೇ ಒಳಗೆ ಹೊರಗೆ ಆಡುತ್ತವಾ. ಸವೆತ ತಿಳಿಸೋ ಚಿಕ್ಕ ತಗಡಿನ ನಾಲಿಗೆ ಬಾಗಿ ಡಿಸ್ಕ್‌ಗೆ ತಾಗ್ತಿದೆಯಾ. ಪ್ಯಾಡಿನ ಬೆನ್ನಿಗೂ ಕಿವಿಗೂ ಬ್ರೇಕ್‌ಗೆಂದೇ ಬರೋ ಗ್ರೀಸ್ ತೆಳ್ಳಗೆ ಸವರಿದರೆ ಸಾಕು.

ಬಿದನೂರು_ಹಾದಿ:
ಗ್ರೀಸ್ ವಿಷಯ ಇನ್ನೂ ಬಿಡಿಸಿ ಹೇಳಬೇಕು, ತಪ್ಪಾಗೋದು ಅಲ್ಲೇ. ಪಿನ್‌ಗೆ ಸಿಲಿಕಾನ್ ಗ್ರೀಸ್ ಮಾತ್ರ. ಬೇರಿಂಗ್‌ಗೆ ಹಾಕೋ ಸಾದಾ ಗ್ರೀಸ್ ಹಾಕಿದರೆ ಪಿನ್ ಮುಚ್ಚೋ ರಬ್ಬರ್ ಬೂಟ್ ಊದಿ ಪಿನ್ ಕಚ್ಚಿಕೊಳ್ಳುತ್ತೆ. ಪ್ಯಾಡ್ ಉಜ್ಜೋ ಮುಖಕ್ಕೆ ಎಣ್ಣೆ ಹೀರಿಕೊಂಡರೆ ಆ ಪ್ಯಾಡ್ ಬಿಸಾಡಿ, ತೊಳೆದು ಉಳಿಸೋಕೆ ಹೋಗಬೇಡಿ.

ಡಿಸ್ಕ್ ಹಳೆಯದು ಅಂದಿರಲ್ಲ, ಅದರ ಹೊರ ಅಂಚನ್ನು ಉಗುರಲ್ಲಿ ಮುಟ್ಟಿ ನೋಡಿ. ದಡದ ಹಾಗೆ ಎದ್ದಿದ್ದರೆ ಹೊಸ ಪ್ಯಾಡಿನ ಅಂಚು ಅದರ ಮೇಲೆ ಕೂತು ಕೀರುತ್ತೆ. ಡಿಸ್ಕಿನ ಮೇಲೇ ಕನಿಷ್ಠ ದಪ್ಪ ಕೊರೆದಿರುತ್ತಾರೆ. ಲೇತ್‌ಗೆ ಹಾಕಿಸಿದ ಮೇಲೂ ಅದಕ್ಕಿಂತ ದಪ್ಪ ಉಳಿಯೋದಾದರೆ ಎರಡೂ ಕಡೆ ಒಟ್ಟಿಗೆ ಹಾಕಿಸಿ, ಇಲ್ಲದಿದ್ದರೆ ಹೊಸ ಜೋಡಿ.

ಮಂಡಗದ್ದೆ_ಹಕ್ಕಿ:
ಬಿಚ್ಚಿ ನೋಡಿದೆವು. ಶಿಮ್, ಕ್ಲಿಪ್ ಸರಿಯಿವೆ, ಅಂಚೂ ಎದ್ದಿಲ್ಲ. ಎಡಗಡೆ ಕೆಳಗಿನ ಪಿನ್ ಅಲ್ಲಾಡ್ತಿಲ್ಲ, ಬೂಟ್ ಹರಿದಿದೆ. ಪ್ಯಾಡ್ ಹಾಳಾಗಿರುತ್ತಾ?

ಸ್ಪ್ಯಾನರ್_12:
ಅದೇ ಕಾರಣ. ಹರಿದ ಬೂಟಿನಿಂದ ಮಳೆನೀರು, ಕೆಂಪುಮಣ್ಣು ಒಳಗೆ ಹೋಗಿ ಗ್ರೀಸ್ ಒಣಗಿದೆ. ಪಿನ್ ತಿರುಗಿಸ್ತಾ ತಿರುಗಿಸ್ತಾ ಎಳೀರಿ, ಸುತ್ತಿಗೆ ಬೇಡ. ಬಟ್ಟೆಯಲ್ಲಿ ಒರೆಸಿ, ಗುಳಿ ಬಿದ್ದಿದ್ದರೆ ಹೊಸ ಪಿನ್, ಬೂಟ್ ಹೇಗೂ ಹೊಸದು. ಪಿನ್ ಕೂರೋ ತೂತನ್ನೂ ಕ್ಲೀನ್ ಮಾಡಿಸಿ. ಗ್ರೀಸ್ ತೆಳ್ಳಗಿರಲಿ, ತುಂಬಿಸಿದರೆ ಗಾಳಿ ಹೊರಗೆ ಹೋಗಲು ದಾರಿ ಇಲ್ಲದೆ ಪಿನ್ ವಾಪಸ್ ತಳ್ಳುತ್ತೆ. ಮೇಲಿನ ಪಿನ್ನು, ಕೆಳಗಿನ ಪಿನ್ನು ಕೆಲವು ಗಾಡಿಗಳಲ್ಲಿ ಬೇರೆ ಬೇರೆ, ಅದಲುಬದಲು ಮಾಡಬೇಡಿ. ಕ್ಯಾಲಿಪರನ್ನು ಬ್ರೇಕ್ ಹೋಸ್‌ನಲ್ಲಿ ನೇತುಬಿಡದೆ ತಂತಿ ಕಟ್ಟಿ ತೂಗುಹಾಕಿ.

150 ಕಿ.ಮೀ.ಗೆ ಪ್ಯಾಡ್ ಸವೆದಿರಲ್ಲ. ಒಳಗಡೆಯ ಪ್ಯಾಡಿನ ಮುಖ ಹೊಳೀತಿದ್ದರೆ ಸಮತಟ್ಟಾದ ಹಲಗೆ ಮೇಲೆ 120ರ ಎಮರಿ ಕಾಗದ ಇಟ್ಟು, ಮಾಸ್ಕ್ ಹಾಕಿಕೊಂಡು, ಹೊಳಪು ಹೋಗೋವರೆಗೆ ಮಾತ್ರ ಉಜ್ಜಿ. ಆಮೇಲೆ ಕೊಪ್ಪದವರು ಹೇಳಿದ ಹಾಗೆ ಮತ್ತೆ ಮೊದಲಿಂದ ಪಳಗಿಸಿ. ಜಾಕ್ ಇಳಿಸಿದ ತಕ್ಷಣ ಪೆಡಲ್ ನೆಲಕ್ಕೇ ಹೋಗುತ್ತೆ. ಗಟ್ಟಿಯಾಗೋವರೆಗೂ ಒತ್ತಿ ಒತ್ತಿ ಬಿಟ್ಟು, ಬ್ರೇಕ್ ಆಯಿಲ್ ಮಟ್ಟ ನೋಡಿ, ಆಮೇಲೆ ಗೇರ್ ಹಾಕಿ.