ರಂಗಪಂಚಮಿ ಬಣ್ಣ ಹೊಕ್ಕು ಪಾಪ್-ಅಪ್ ಫ್ಲ್ಯಾಷ್ ಏಳವಲ್ದು

ಉಣಕಲ್ಲ ಕೆರಿ (ಹುಬ್ಬಳ್ಳಿ):
ನನ್ನ ಕ್ಯಾಮೆರಾ ಕ್ಯಾನನ್ 1200ಡಿ. ರಂಗಪಂಚಮಿ ಫೋಟೋ ತಗದ ಮ್ಯಾಲೆ ಫ್ಲ್ಯಾಷ್ ಏಳವಲ್ದು. ಪಿ ಮೋಡ್‌ನ್ಯಾಗ (ಫ್ಲ್ಯಾಷ್ ತಾನ ಏಳೂದಿಲ್ಲ, ನಾವ ಎಬ್ಬಿಸೂ ಮೋಡ್) ಫ್ಲ್ಯಾಷ್ ಬಟನ್ ಒತ್ತಿದ್ರ ಒಮ್ಮೊಮ್ಮೆ ಸುಮ್ನ ಇರ್ತೈತಿ, ಒಮ್ಮೊಮ್ಮೆ ಎರರ್ 05 ಅಂತ ಬರ್ತೈತಿ. ಬ್ಯಾಟರಿ ಫುಲ್ ಐತಿ. ರಿಪೇರಿಯವರು ಮ್ಯಾಲಿನ ಕವರ್ ಬಿಚ್ಚಬೇಕು ಅಂತಾರ. ಬಿಚ್ಚದ ಏನರ ಮಾಡಾಕ ಬರ್ತೈತೇನ್ರಿ?

ಕಪ್ಪತಗುಡ್ಡ (ಗದಗ):
ಸದ್ಯಕ್ಕ ಬಿಚ್ಚೂದು ಬ್ಯಾಡ್ರಿ. ಫ್ಲ್ಯಾಷಿಗೆ ಕರೆಂಟ್ ಕೂಡಿಡೂ ಕೆಪಾಸಿಟರ್‌ನ್ಯಾಗ ಸುಮಾರು 300 ವೋಲ್ಟ್ ನಿಂತಿರ್ತೈತಿ, ಬ್ಯಾಟರಿ ತಗದ್ರೂ ಉಳೀತೈತಿ. ಮುಟ್ಟಿದ್ರ ಜೋರ ಶಾಕ್ ಹೊಡೀತೈತಿ. ಮನ್ಯಾಗ ಸ್ಕ್ರೂ ಡ್ರೈವರ್ ಹಿಡದು ಮಾಡೂ ಕೆಲಸ ಅಲ್ಲ ಇದು.

ಮದಲ ಫ್ಯಾನ್ ಬಂದ್ ಮಾಡಿ, ಕ್ಯಾಮೆರಾ ಕಿವಿ ಹತ್ರ ಹಿಡದು ಬಟನ್ ಒತ್ರಿ. ಒಳಗ ‘ಟಿಕ್’ ಅಂದ್ರ ಫ್ಲ್ಯಾಷ್ ಮುಚ್ಚಳ ಹಿಡದಿದ್ದ ಕೊಂಡಿ ಬಿಟ್ಟೈತಿ, ಸ್ಪ್ರಿಂಗ್ ನೂಕಾಕತ್ತೈತಿ, ಆದ್ರ ಮುಚ್ಚಳ ಎಲ್ಲೋ ಸಿಕ್ಕೊಂಡೈತಿ. ಎರರ್ 05 ಬರೂದು ಆವಾಗನ: ಎಬ್ಬಿಸಾಕ ನೋಡಿದೆ, ಏಳಲಿಲ್ಲ ಅಂತ ಅದರ ಅರ್ಥ. ಸಪ್ಪಳನ ಇಲ್ಲ ಅಂದ್ರ ಕಥಿ ಬ್ಯಾರೆ, ಕ್ಯಾಮೆರಾ ಕೊಂಡಿ ಬಿಡಾಕ ಹೇಳೇ ಇಲ್ಲ. ಹತ್ತು ಸಲ ಒತ್ತಿ, ಎಷ್ಟು ಸಲ ಟಿಕ್ ಬಂತು ಹೇಳ್ರಿ.

ಉಣಕಲ್ಲ ಕೆರಿ:
ಹತ್ತರಾಗ ನಾಕು ಸಲ ಬಂತ್ರಿ. ಎಡಗಡೆ ಸಂದಿನ್ಯಾಗ ಗುಲಾಬಿ ಪುಡಿ ಕಾಣ್ತೈತಿ. ಒದ್ದಿ ಅರಿವಿಲೆ ಒರಸೀನಿ, ಆದ್ರೂ ಹೋಗಿಲ್ಲ.

ದೇವರಗುಡ್ಡ (ರಾಣೆಬೆನ್ನೂರು):
ಹಂಗಿದ್ರ ಎರಡು ತೊಂದರೆ ಕೂಡ್ಯಾವು. ಟಿಕ್ ಬರದಿದ್ದ ಆರು ಸಲದ್ದು ಹಾಟ್‌ಶೂ ಕಡೆ ನೋಡ್ರಿ. ಹೊರಗಿನ ಫ್ಲ್ಯಾಷ್ ಕೂಡಸೂ ಹಳಿಯ ಕೆಳಗ ಒಂದು ಸಣ್ಣ ಸ್ವಿಚ್ ಇರ್ತೈತಿ. ಅದು ಒತ್ತಿದ್ದಂಗ ಉಳದ್ರ, ಮ್ಯಾಲೆ ಬ್ಯಾರೆ ಫ್ಲ್ಯಾಷ್ ಕುಂತೈತಿ ಅಂತ ಕ್ಯಾಮೆರಾ ತಿಳೀತೈತಿ, ತನ್ನದನ್ನ ಎಬ್ಬಿಸೂದಿಲ್ಲ. ಟಾರ್ಚ್ ಹಿಡದು ಎರಡೂ ಹಳಿ ಒಳಬದಿ ನೋಡ್ರಿ. ಕಟಗಿ ಟೂತ್‌ಪಿಕ್‌ಲೆ ಆ ಸ್ವಿಚ್ ಹದಿನೈದು-ಇಪ್ಪತ್ತು ಸಲ ಒತ್ತಿ ಬಿಡ್ರಿ, ಪ್ರತಿ ಸಲ ಪುಟದು ಮ್ಯಾಲೆ ಬರಬೇಕು. ಪಿನ್ನು, ಸೂಜಿ ಹಾಕಬ್ಯಾಡ್ರಿ. ಕ್ಯಾಮೆರಾ ಸಮ ಐತೇನು ತೋರಸೂ ಬಬಲ್ ಲೆವೆಲ್ ಅಲ್ಲಿ ಸಿಗಸಿದ್ರೂ ಇದ ಆಗ್ತೈತಿ, ಭಾಳ ಮಂದಿಗೆ ಲಕ್ಷ್ಯಕ್ಕ ಬರೂದಿಲ್ಲ.

ಕಪ್ಪತಗುಡ್ಡ:
ಹೌದು, ಅದನ್ನ ಮದಲ ಮಾಡ್ರಿ. ಒದ್ದಿ ಅರಿವಿ ಮಾತ್ರ ಇನ್ನ ಮುಟ್ಟಸಬ್ಯಾಡ್ರಿ. ಗುಲಾಲು ಬಹಳಷ್ಟು ಮೆಕ್ಕಿಜ್ವಾಳದ ಪಿಷ್ಟದಾಗ ಮಾಡಿದ್ದಿರ್ತೈತಿ, ನೀರು ತಾಗಿದ್ರ ಗಂಜಿ ಹಂಗ ಅಂಟಿ, ಒಣಗಿ ಗಟ್ಟಿ ಆಗ್ತೈತಿ. ನಿಮ್ಮ ಎಡಗಡೆ ಸಂದಿನ್ಯಾಗ ಅದ ಆಗಿರಬೇಕು.

ಬ್ಯಾಟರಿ ತಗದು ಕ್ಯಾಮೆರಾ ಬೋರಲು ಹಿಡೀರಿ, ಉದರಿದ ಪುಡಿ ಹೊರಗ ಬೀಳಲಿ. ಒಣಾ ಮೆತ್ತನ ಬ್ರಶ್‌ಲೆ ಸಂದಿ ಸವರಿ ರಬ್ಬರ್ ಬ್ಲೋವರ್ ಹೊಡೀರಿ. ಬಾಯಿಲೆ ಊದಬ್ಯಾಡ್ರಿ, ಎಂಜಲಿನ ತೇವನೂ ಸಾಕು ಅಂಟಾಕ. ವಿಸಿಟಿಂಗ್ ಕಾರ್ಡಿನ ಅಂಚು ಸಂದಿನ್ಯಾಗ ಎರಡು ಮಿಲಿಮೀಟರ್ ಅಷ್ಟ ಇಳಿಸಿ ಎಳೀರಿ, ಗಟ್ಟಿಯಾದ ಪುಡಿ ಹಕ್ಕಳಿ ಹಕ್ಕಳಿ ಬಿಡ್ತೈತಿ. ಆಮ್ಯಾಲೆ ಬ್ಯಾಟರಿ ಹಾಕಿ, ಒಬ್ಬರು ಬಟನ್ ಒತ್ತಲಿ, ಇನ್ನೊಬ್ಬರು ಟಿಕ್ ಅಂದ ಕೂಡ್ಲೆ ಎರಡೂ ಬದಿ ಉಗುರು ಕೊಟ್ಟು ಸಮನಾಗಿ ಎತ್ರಿ. ಟಿಕ್ ಬರೂಕಿಂತ ಮದಲ ಎತ್ತಿದ್ರ ಕೊಂಡಿನ ಮುರೀತೈತಿ. ಒಂದ ಬದಿ ಎಳದ್ರ ಮುಚ್ಚಳ ಹೊತ್ತ ತೋಳು ಸೊಟ್ಟ ಆಗ್ತೈತಿ, ತೋಳಿನ ಹಾದಿಲೆ ಹೋಗೂ ವೈರಿಗೂ ಪೆಟ್ಟು.

ಉಣಕಲ್ಲ ಕೆರಿ:
ಸ್ವಿಚ್ ಸಡಲಾತು, ಈಗ ಪ್ರತಿ ಸಲ ಟಿಕ್ ಬರ್ತೈತಿ. ಮುಚ್ಚಳ ಅರ್ಧ ಎದ್ದು ನಿಂದ್ರತೈತಿ.

ಕಪ್ಪತಗುಡ್ಡ:
ಛಲೋ ಆತು, ಉಳದದ್ದು ಕೀಲಿನ್ಯಾಗಿನ ಪುಡಿ ಅಷ್ಟ. ಮತ್ತ ಬ್ಯಾಟರಿ ತಗೀರಿ. ಮೆಡಿಕಲ್‌ದಾಗಿನ ಸ್ಯಾನಿಟೈಸರ್ ಅಲ್ಲ, 99% ಐಸೊಪ್ರೊಪೈಲ್ ಆಲ್ಕೋಹಾಲ್, ಮೊಬೈಲ್ ರಿಪೇರಿ ಸಾಮಾನಿನ ಅಂಗಡ್ಯಾಗ ಸಿಗ್ತೈತಿ. ಇಯರ್‌ಬಡ್ ಅದ್ದಿ, ಹಿಂಡಿ, ಹನಿ ತೊಟ್ಟಿಕ್ಕದಂಗ ಎರಡೂ ತೋಳಿನ ಬುಡ ಒರಸ್ರಿ. ಬಡ್ಡು ಬೆಳ್ಳಗ ಬರೂತನ ಹೊಸಾದು ತಗೋಳ್ರಿ. ಅರ್ಧ ತಾಸು ತಗದಿಟ್ಟು ಆರಸ್ರಿ. ಹೊಲಿಗಿ ಮಷಿನ್ ಎಣ್ಣಿ ಒಂದು ಹನಿನೂ ಬ್ಯಾಡ, ಎಣ್ಣಿ ಮುಂದಿನ ಧೂಳು ಹಿಡೀತೈತಿ. ಕೈಲೆ ಎತ್ತಿದಾಗ ಮುಚ್ಚಳ ಸ್ಪ್ರಿಂಗಿನ ಜೋರ ಇಲ್ದ ಜೋಲಿ ಹೊಡದ್ರ ಮಾತ್ರ ಸ್ಪ್ರಿಂಗ್ ಕಳಚೈತಿ ಅಂತ ತಿಳದು ರಿಪೇರಿಗೆ ಕೊಡ್ರಿ.

ದೇವರಗುಡ್ಡ:
ಅಲ್ಲಿತನ ಕತ್ತಲ್ಯಾಗ ಫೋಕಸ್ ಸಿಗದಿದ್ರ ಗಾಬರಿ ಆಗಬ್ಯಾಡ್ರಿ. ಈ ಮಾಡೆಲ್‌ನ್ಯಾಗ ಫೋಕಸ್‌ಗೆ ಬೆಳಕು ಕೊಡೂದೂ ಅದ ಫ್ಲ್ಯಾಷ್. ನಡುವಿನ ಫೋಕಸ್ ಪಾಯಿಂಟ್ ಇಟ್ಟು, ಅಂಗಿ ಕಾಲರ್ ಹಂಗ ಬಣ್ಣ ಬದಲಾಗೂ ಅಂಚಿಗೆ ಹಿಡೀರಿ, ಫ್ಲ್ಯಾಷ್ ಇಲ್ದ ಫೋಟೋ ಕತ್ತಲಾಗದಂಗ ಐಎಸ್ಒ (ಬೆಳಕು ಹಿಡಿಯೂ ಸೂಕ್ಷ್ಮತೆ) 1600 ಮಾಡ್ರಿ.

ಉಣಕಲ್ಲ ಕೆರಿ:
ನಾಕು ಬಡ್ಡು ಗುಲಾಬಿ ಆದ್ವು, ಐದನೇದು ಬೆಳ್ಳಗ ಬಂತ್ರಿ. ಹತ್ತಕ್ಕ ಹತ್ತು ಸಲ ಪೂರ್ತಿ ಏಳಾಕತ್ತೈತಿ, ಹೊಡ್ಯಾಕೂ ಹತ್ತೈತಿ.

ದೇವರಗುಡ್ಡ:
ಮುಂದಿನ ಸಲ ಬಣ್ಣ, ಭಂಡಾರ ಇದ್ದಲ್ಲಿ ಹೋಗೂಕಿಂತ ಮದಲ ಫ್ಲ್ಯಾಷ್ ಸಂದಿ ಮತ್ತ ಹಾಟ್‌ಶೂ ಮ್ಯಾಲೆ ಪೇಂಟರ್ ಕಾಗದದ ಟೇಪ್ ಹಚ್ರಿ, ಅಂಟು ಉಳಿಯೂದಿಲ್ಲ. ಆಟೋ ಮೋಡ್ ಬಿಟ್ಟು ಪಿ ಮೋಡ್‌ನ್ಯಾಗ ಇಡ್ರಿ, ಇಲ್ಲಂದ್ರ ಟೇಪಿನ ಕೆಳಗ ಫ್ಲ್ಯಾಷ್ ತಾನ ಏಳಾಕ ನೋಡ್ತೈತಿ.