ಮಗುವಿಗೆ ಕಾಂಟ್ರಾಸ್ಟ್ ಎನಿಮಾ ಮಾಡಿಸಿದವರು ಸ್ವಲ್ಪ ಹೇಳಿ

ಪ್ರಶ್ನೆ: ಪಾಪುಗೆ ಹುಟ್ಟಿದಾಗಿನಿಂದ ಕಕ್ಕ ಸರಿಯಾಗಿ ಆಗುತ್ತಿಲ್ಲ, ಹೊಟ್ಟೆ ಉಬ್ಬಿಕೊಂಡೇ ಇರುತ್ತೆ. ಮೊದಲ ಕಪ್ಪು ಕಕ್ಕ ಆಗಿದ್ದೂ 48 ಗಂಟೆ ದಾಟಿದ ಮೇಲೆ. ಹಿರ್ಶ್‌ಸ್ಪ್ರಂಗ್ (ಕರುಳಿನ ಕೊನೆಯ ಭಾಗದಲ್ಲಿ ನರಕೋಶ ಇಲ್ಲದೆ ಕಕ್ಕ ಮುಂದೆ ಹೋಗದ ಕಾಯಿಲೆ) ಇರಬಹುದು, ಕಾಂಟ್ರಾಸ್ಟ್ ಎನಿಮಾ ಮಾಡಿಸಿ ಅಂತ ಡಾಕ್ಟರ್ ಅಂದಿದ್ದಾರೆ. ನೋವಾಗುತ್ತಾ? ಇದೊಂದರಲ್ಲೇ ಗೊತ್ತಾಗುತ್ತಾ?

— ನಮ್ಮ ಮಗಳಿಗೆ ಮಾಡಿಸಿದ್ದೆವು. ನೋವಿಗಿಂತ ಗಟ್ಟಿಯಾಗಿ ಹಿಡಿದುಕೊಂಡಿದ್ದಕ್ಕೇ ಜಾಸ್ತಿ ಅತ್ತಳು. ಪಕ್ಕಕ್ಕೆ ಮಲಗಿಸಿ, ತೆಳು ಟ್ಯೂಬಿನ ತುದಿಯನ್ನು ಗುದದೊಳಗೆ ಸ್ವಲ್ಪವೇ ಇಟ್ಟು, ಹೊರಗೆ ಟೇಪ್ ಅಂಟಿಸಿ ಕಾಂಟ್ರಾಸ್ಟ್ ಅನ್ನೋ, ಎಕ್ಸ್‌ರೇಯಲ್ಲಿ ಕಾಣುವ ದ್ರವವನ್ನು ನಿಧಾನಕ್ಕೆ ಬಿಡುತ್ತಾರೆ, ಅದು ಹೋದ ಹಾಗೆ ಎಕ್ಸ್‌ರೇ ಪರದೆಯಲ್ಲಿ ಕರುಳಿನ ಆಕಾರ ಮೂಡುತ್ತಾ ಹೋಗುತ್ತೆ. ಗುದನಾಳ ಅದರ ಮೇಲಿನ ಸಿಗ್ಮಾಯ್ಡ್ ಭಾಗಕ್ಕಿಂತ ಅಗಲ ಇರಬೇಕಂತೆ. ಇವಳದು ಉಲ್ಟಾ: ಕೆಳಗೆ ಸಣ್ಣ, ಮೇಲೆ ಹಿಗ್ಗಿದ್ದು, ನಡುವೆ ಆಲಿಕೆ ತರಹ. ಅವರು ಹುಡುಕೋದು ಆ ನಡುವಿನ ಜಾಗವನ್ನೇ.

— ಒಂದು ಮಾತು. ಹೊಟ್ಟೆ ಉಬ್ಬಿದೆ ಅಂತ ಹಿಂದಿನ ದಿನ ನೀವಾಗಿಯೇ ಎನಿಮಾ, ಸಪೋಸಿಟರಿ (ಗುದದೊಳಗೆ ಇಡುವ ಮಾತ್ರೆ) ಕೊಡಬೇಡಿ. ಕರುಳು ಖಾಲಿಯಾದರೆ ಆ ಅಗಲದ ವ್ಯತ್ಯಾಸ ಮಾಸಿಹೋಗಬಹುದು. ಈಗಾಗಲೇ ಕರುಳು ತೊಳೆಯುವ ವಾಶ್ ಕೊಡುತ್ತಿದ್ದರೆ ಯಾವಾಗ ನಿಲ್ಲಿಸಬೇಕು ಅಂತ ಡಾಕ್ಟರನ್ನೇ ಕೇಳಿ. ಜ್ವರ, ನಾರುವ ಭೇದಿ, ಮಗು ಮಂಕು, ಹೊಟ್ಟೆ ಬಿಗಿ, ಇವುಗಳಲ್ಲಿ ಯಾವುದಿದ್ದರೂ ಅಪಾಯಿಂಟ್‌ಮೆಂಟ್ ಕಾಯಬೇಡಿ, ತಕ್ಷಣ ಹೋಗಿ. ಅದು ಕರುಳಿನ ಸೋಂಕಿರಬಹುದು, ಆಗ ಈ ಪರೀಕ್ಷೆ ಮಾಡಿದರೆ ಕರುಳು ತೂತಾಗುವ ಅಪಾಯ.

— ನಮ್ಮ ಮಗನಿಗೆ ರಿಪೋರ್ಟ್ ನಾರ್ಮಲ್ ಬಂತು! ಆಮೇಲೆ ಬಯಾಪ್ಸಿಯಲ್ಲಿ ಹಿರ್ಶ್‌ಸ್ಪ್ರಂಗ್ ಅಂತಲೇ ಗೊತ್ತಾಯಿತು. ಎಳೆ ಮಕ್ಕಳಲ್ಲಿ ಮೇಲಿನ ಕರುಳು ಇನ್ನೂ ಹಿಗ್ಗಿರಲ್ಲ, ಹಾಗಾಗಿ ವ್ಯತ್ಯಾಸ ಕಾಣಿಸದೆ ಇರಬಹುದು. ದೊಡ್ಡ ಕರುಳಿನಲ್ಲಿ ಪೂರ್ತಿ ನರಕೋಶ ಇಲ್ಲದಿದ್ದರೂ ಅಷ್ಟೇ, ಚಿತ್ರ ಮೋಸ ಮಾಡಬಹುದು. 24 ಗಂಟೆ ಬಿಟ್ಟು ಇನ್ನೊಂದು ಎಕ್ಸ್‌ರೇ ಬೇಕಾ ಅಂತ ಕೇಳಿ ನೋಡಿ, ದ್ರವ ಇನ್ನೂ ಒಳಗೇ ನಿಂತಿದ್ದರೆ ಅದೂ ಒಂದು ಸುಳಿವು. ಕೊನೆಗೆ ತೀರ್ಮಾನ ಮಾತ್ರ ಗುದನಾಳದ ಬಯಾಪ್ಸಿಯದೇ. ಚೂರು ಅಂಗಾಂಶ ತೆಗೆದು ಗ್ಯಾಂಗ್ಲಿಯಾನ್ ಕೋಶ, ಅಂದರೆ ಆ ನರಕೋಶ ಇದೆಯಾ ಅಂತ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ನಾರ್ಮಲ್ ಅಂದ ತಕ್ಷಣ ಸುಮ್ನೆ ಮನೆಗೆ ಬಂದುಬಿಡಬೇಡಿ, ತೊಂದರೆ ಹಾಗೇ ಇದೆ ಅಲ್ವಾ?

— ಪಾಪು ಹಸಿರು ವಾಂತಿ ಮಾಡುತ್ತಾ? ಮಾಡಿದರೆ ಅದು ಎಮರ್ಜೆನ್ಸಿ. ಕರುಳು ತಿರುಚಿಕೊಂಡಿರಬಹುದು, ಗಂಟೆಗಳಲ್ಲೇ ರಕ್ತ ಓಡಾಟ ನಿಂತುಹೋಗಬಹುದು. ಅದಕ್ಕೆ ಸಾಮಾನ್ಯವಾಗಿ ಕಾಂಟ್ರಾಸ್ಟನ್ನು ಮೇಲಿನಿಂದ, ಬಾಯಿಂದಲೋ ಮೂಗಿನ ಟ್ಯೂಬಿಂದಲೋ ಕೊಟ್ಟು ನೋಡುತ್ತಾರೆ.

— ಪರೀಕ್ಷೆ ಆದಮೇಲೆ ಡೈಪರ್ ಗಮನಿಸಿ. ಕೆಲವು ಕಾಂಟ್ರಾಸ್ಟ್ ದ್ರವಗಳು ಮೈಯ ನೀರನ್ನು ಕರುಳಿಗೆ ಎಳೆದುಕೊಳ್ಳುತ್ತವೆ. ಉಚ್ಚೆ ಕಡಿಮೆ ಆದರೆ ಫೋನ್ ಮಾಡಿ ಹೇಳಿ.