ಪದ ಬೇಕು: ‘ಉದ್ದೇಶಿತ ನ್ಯಾನೊಕಣ’ ಸರಿಯೇ?

ಬಾಗಲಕೋಟೆಯಿಂದ:
ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕು. ಹೆಣ್ಣುಮಕ್ಕಳಿಗಾಗಿ ಸ್ತನ ಕ್ಯಾನ್ಸರ್ ಬಗ್ಗೆ ಫಲಕ ಬರೆಯುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ‘ಟಾರ್ಗೆಟೆಡ್ ನ್ಯಾನೊಪಾರ್ಟಿಕಲ್’ಗೆ, ಅಂದರೆ ಕ್ಯಾನ್ಸರ್ ಕೋಶಕ್ಕೆ ಔಷಧ ಒಯ್ಯುವ ಅತಿ ಸಣ್ಣ ಕಣಕ್ಕೆ, ‘ಉದ್ದೇಶಿತ ನ್ಯಾನೊಕಣ’ ಎಂದು ಬರೆದೆ. ನಮ್ಮ ಅತ್ತೆ ಓದಿ, ‘ಯಾವ ಕಣ? ಜೋಳ ರಾಶಿ ಮಾಡೋ ಕಣ ಏನು?’ ಎಂದರು. ಈ ಫಲಕ ಇರುವುದೇ ಅಂಥವರಿಗೆ. ‘ಗುರಿಮದ್ದು’ ಅನ್ನಬಹುದಾ?

ವಿಜಯಪುರದಿಂದ:
ತಂಗಿ, ‘ಉದ್ದೇಶಿತ’ ಬೇಡವೇ ಬೇಡ. ಉದ್ದೇಶಿತ ರಸ್ತೆ ಅಂದ್ರೆ ಇನ್ನೂ ಆಗದ ರಸ್ತೆ. ‘ಮದ್ದು’ ಕೂಡ ಬೇಡ. ಯಾರೋ ಮದ್ದು ಹಾಕಿದರು ಅಂದ್ರೆ ಜನ ಏನು ತಿಳಿಯುತ್ತಾರೆ ಗೊತ್ತಲ್ವಾ? ‘ಔಷಧ’ ಎಂದೇ ಬರೆಯಿರಿ.

ಇನ್ನು ‘ಗುರಿ’. ಗುರಿ ಅಂದರೆ ಬಿಟ್ಟ ಬಾಣ ಕಣ್ಣಿಗೆ ಬರುತ್ತದೆ. ಈ ಕಣ ನೆಟ್ಟಗೆ ಹೋಗಿ ನಾಟುವುದಿಲ್ಲ. ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ. ಗಡ್ಡೆಯ ರಕ್ತನಾಳಗಳಲ್ಲಿ ಸಂದಿ ಜಾಸ್ತಿ, ಅಲ್ಲಿಂದ ಸೋರಿ ಒಳಗೆ ಸೇರುತ್ತದೆ. ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಜೀವಕೋಶದ ಮೈಮೇಲೆ ಹರ್-2 ಎಂಬ ಪ್ರೋಟೀನ್ ಬಹಳ ಇರುತ್ತದೆ. ಆ ಗುರುತು ಹಿಡಿದು ಕಣ ಅಂಟಿಕೊಳ್ಳುತ್ತದೆ. ಕೋಶ ಅದನ್ನು ಒಳಗೆಳೆದುಕೊಂಡ ಮೇಲೆ ಔಷಧ ಬಿಡುಗಡೆ. ಹಾಗಾಗಿ ‘ಗುರುತು ಹಿಡಿಯುವ ಕಣ’ ಅನ್ನಿ.

ಗುರಿ, ಗುರುತು, ಕುರುಹು ಮೂರಕ್ಕೂ ಬೇರು ಒಂದೇ. ಹಳಗನ್ನಡದಲ್ಲಿ ಗುಱಿ, ತಮಿಳಿನಲ್ಲಿ ಕುಱಿ. ತಮಿಳಿನಲ್ಲಿ ಇವತ್ತಿಗೂ ಅದಕ್ಕೆ ಗುರಿ, ಗುರುತು ಎಂಬ ಎರಡೂ ಅರ್ಥ ಇದೆ. ಎಷ್ಟು ಚೆಂದದ ಬೇರು! ಇದನ್ನು ಬಿಟ್ಟು ‘ಉದ್ದೇಶಿತ’ದ ಹಿಂದೆ ಯಾಕೆ ಹೋಗಬೇಕು?

ಬೆಳಗಾವಿಯಿಂದ:
ಬೇರು ಸರಿ. ಆದರೆ ‘ನ್ಯಾನೊ’ ಯಾಕೆ? ಅದು ಗ್ರೀಕ್, ಕುಳ್ಳ ಎಂದರ್ಥ. ‘ಕಿರುಗಣ’ ಸಾಕು. ಕ್ಯಾನ್ಸರ್‌ಗೂ ‘ಏಡಿಹುಣ್ಣು’ ಎನ್ನಿ. ಗಡಿಯಲ್ಲಿ ಕೂತ ನಮಗೆ ಎರವಲಿನ ನೋವು ಗೊತ್ತು. ಒಂದೊಂದೇ ಪದ ಬಿಡುತ್ತಾ ಹೋದರೆ ಕೊನೆಗೆ ಉಳಿಯುವುದೇನು?

ವಿಜಯಪುರದಿಂದ:
ಆಗಲ್ಲ ಸರ್. ‘ಕಿರು’ ಅಂದರೆ ಎಷ್ಟು ಕಿರಿದು? ಕೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಈ ಕಣ 100ರ ಆಸುಪಾಸು. ಅಳತೆ ಪದದಲ್ಲೇ ಇದೆ. 2021ರಲ್ಲಿ ನ್ಯಾನೊ ಯೂರಿಯಾ ಬಂತು, ಆವಾಗಿನಿಂದ ರೈತರ ಬಾಯಲ್ಲೂ ಈ ಪದ ಇದೆ. ನಾವು ದಿನಾ ‘ದವಾಖಾನೆ’ ಅಂತೀವಿ. ದವಾ ಅರಬ್ಬಿ, ಖಾನಾ ಪಾರ್ಸಿ. ಅದರಿಂದ ನಮ್ಮ ಕನ್ನಡ ಸೊರಗಿದೆಯೇ?

‘ಏಡಿಹುಣ್ಣು’ ಅಂತೂ ಅಪಾಯ. ಈ ರೋಗದಲ್ಲಿ ಎಷ್ಟೋ ಸಲ ಮೊದಲು ಕಾಣುವುದು ನೋವಿಲ್ಲದ ಗಂಟು. ಹುಣ್ಣಿಲ್ಲವಲ್ಲ ಎಂದು ಒಬ್ಬ ತಾಯಿ ಸುಮ್ನೆ ಮನೆಯಲ್ಲಿ ಕೂತರೆ? ಶುದ್ಧ ಪದ ಹುಡುಕುವ ಜಾಗ ಇದಲ್ಲ.

ಬಾಗಲಕೋಟೆಯಿಂದ:
ಅಣ್ಣಾ, ಹೀಗೆ ಬರೆದೆ: ‘ಕ್ಯಾನ್ಸರ್ ಕೋಶದ ಗುರುತು ಹಿಡಿದು, ಅದರೊಳಗೇ ಔಷಧ ಬಿಡುವ ನ್ಯಾನೊ ಕಣಗಳ ಮೇಲೆ ಸಂಶೋಧನೆ ನಡೆದಿದೆ.’ ಅತ್ತೆಗೆ ಓದಿ ಹೇಳಿದೆ. ‘ಗುರುತು ಹಿಡಿದು’ ಎಂಬಲ್ಲಿ ತಲೆಯಾಡಿಸಿದರು. ‘ಕಣ’ ಮಾತ್ರ ಅವರಿಗೆ ಇನ್ನೂ ಜೋಳದ ಕಣವೇ. ಅದಕ್ಕೆ ಪಕ್ಕದಲ್ಲಿ ಒಂದು ಚಿತ್ರ ಹಾಕಿಸುತ್ತಿದ್ದೇನೆ.